ಇಪ್ಪತ್ತು ಕಿಲೋದ ಬಟ್ಟು

ನಮ್ಮ ಪತ್ರಿಕೆಯ ಸಂಪಾದಕ ಮಿತ್ರರು ಕ್ಯಾಂಟೀನಿನ ಬಾಗಿಲಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, "ರಜದಲ್ಲಿ ಮದರಾಸಿಗೆ ಹೋಗಿದ್ದೆಯಲ್ಲ, ಏನಾದ್ರೂ ಬರ್ಕೊಡಯ್ಯಾ. ಮರೀನಾ ಬೀಚು, ಮಹಾಬಲಿಪುರ, ಏನಾದ್ರೂ ಸರಿ" ಎಂದರು. ಮರೀನಾ ನೋಡಿದ್ದು ನಿಜ. ಒಂದೇ ಒಂದು ಭಾನುವಾರ, ಮೂರು ಗಂಟೆ ಹೊತ್ತು. ಉಳಿದ ಇಡೀ ತಿಂಗಳು ನಾನು ನೋಡಿದ್ದು ಅಂಬತ್ತೂರಿನ ಒಂದು ಶೆಡ್ಡಿನ ತಗಡಿನ ಛಾವಣಿಯನ್ನು, ಮತ್ತು ಅದರ ಕೆಳಗೆ ಇಪ್ಪತ್ತು ಕಿಲೋ ತೂಗುವ ಒಂದು ಕಬ್ಬಿಣದ ಬಟ್ಟನ್ನು. ಆದ್ದರಿಂದ ಓದುಗರು ಈ ಬರಹದಲ್ಲಿ ಸಮುದ್ರವನ್ನು ಅಪೇಕ್ಷಿಸಬಾರದು.

ನಮ್ಮದು ಶ್ರೀನಿವಾಸಪುರದ ಕಡೆ ಹಳ್ಳಿ. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ. ಆಮೇಲೆ ಕಾಮರ್ಸಿಗೆ ಸೇರಿ, ಜಮಾ ಖರ್ಚು ಅನ್ನೋದನ್ನ ಡೆಬಿಟ್ಟು ಕ್ರೆಡಿಟ್ಟು ಅಂತ ಬಾಯಿಪಾಠ ಮಾಡಿದವನು. ಅಕ್ಕ ನನಗಿಂತ ಜಾಣೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಹೊಸೂರು ಕಡೆಯ ಭಾವನನ್ನು ಮದುವೆಯಾಗಿ ಅಂಬತ್ತೂರು ಸೇರಿದಳು. 2024ರ ಮೇ ತಿಂಗಳಲ್ಲಿ ಅವಳ ಮನೆಗೆ ಹೊರಟೆ. ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಅದು ಅಂಬತ್ತೂರಿನ ಮೇಲೆಯೇ ಹಾದುಹೋಗುತ್ತದೆ, ಆದರೆ ನಿಲ್ಲುವುದಿಲ್ಲ. ಅಕ್ಕನ ಊರಿನ ಬೋರ್ಡನ್ನು ಕಿಟಕಿಯಲ್ಲಿ ಓದಿಕೊಂಡು, ಸೆಂಟ್ರಲ್ ತನಕ ಹೋಗಿ, ಅಲ್ಲಿ ಇಳಿದು, ಲೋಕಲ್ ಹತ್ತಿ ಪೆರಂಬೂರು, ವಿಲ್ಲಿವಾಕ್ಕಂ, ಕೊರಟ್ಟೂರು, ಪಟ್ಟರವಾಕ್ಕಂ ಎಂದು ಒಂದೊಂದೇ ಸ್ಟೇಷನ್ ಎಣಿಸುತ್ತಾ ವಾಪಸ್ಸು ಬರಬೇಕು.

ಅಂಬತ್ತೂರು ಮೊದಲು ಬೇರೆ ಊರೇ. 2011ರಲ್ಲಿ ಚೆನ್ನೈ ಕಾರ್ಪೊರೇಷನ್ನಿಗೆ ಸೇರಿತು. 1949ರಲ್ಲಿ ಟಿ.ಐ. ಸೈಕಲ್ ಕಾರ್ಖಾನೆ ಶುರುವಾದದ್ದು ಇಲ್ಲಿ. 1964ರಲ್ಲಿ ಮದರಾಸು ಸರ್ಕಾರ ಸಣ್ಣ ಕೈಗಾರಿಕೆಗಳಿಗೆಂದು ಎಸ್ಟೇಟು ಕಟ್ಟಿಸಿತು. ಎಸ್ಟೇಟು ಅಂದರೆ ನಾನು ಕಾಫಿ ತೋಟ ಎಂದುಕೊಂಡಿದ್ದೆ, ನಗಬೇಡಿ. ಸಾಲು ಸಾಲು ಶೆಡ್ಡುಗಳು, ಒಂದರಲ್ಲಿ ಲೇತು, ಇನ್ನೊಂದರಲ್ಲಿ ರಬ್ಬರು, ಮತ್ತೊಂದರಲ್ಲಿ ಪೇಂಟು. ಅಂಥದೊಂದು ಶೆಡ್ಡಿನಲ್ಲಿ ಅಕ್ಕನ ಕೆಲಸ. ಹನ್ನೊಂದು ಜನರ ಕಂಪನಿ. ಅಲ್ಲಿ ತೂಕದ ಯಂತ್ರಗಳ ತಲೆ ಮಾಡುತ್ತಾರೆ. ತಲೆ ಅಂದರೆ ಅಂಗಡಿಗಳಲ್ಲಿ ತಟ್ಟೆಯ ಪಕ್ಕದಲ್ಲಿ ಕೆಂಪು ಅಂಕಿ ತೋರಿಸುತ್ತದಲ್ಲ, ಆ ಡಬ್ಬಿ.

ಎರಡನೇ ದಿನವೇ ಯಜಮಾನರು, "ತಮ್ಮ ಮನೇಲಿ ಸುಮ್ನೆ ಕೂತಿರ್ತಾನಲ್ಲ, ಕರ್ಕೊಂಡ್ ಬಾಮ್ಮ" ಎಂದರಂತೆ. ನನಗೆ ಕೊಟ್ಟ ಕೆಲಸ ಕಷ್ಟದ್ದಲ್ಲ. ಹೊಸ ಡಬ್ಬಿ ಬಂದ ಕೂಡಲೇ ತಟ್ಟೆಗೆ ಜೋಡಿಸುವುದು, ಮುದ್ರೆ ಹಾಕಿದ ಇಪ್ಪತ್ತು ಕಿಲೋದ ಬಟ್ಟನ್ನು ಎತ್ತಿ ಇಡುವುದು, ಗುಂಡಿ ಒತ್ತುವುದು, ಇಳಿಸುವುದು. ಹೀಗೆ ಐದು ಸಲ. ಆಮೇಲೆ ಪ್ರಿಂಟ್ ಒತ್ತಿದರೆ ಸಣ್ಣ ಚೀಟಿ ಬರುತ್ತದೆ: 20.00, 20.00, 20.00, 20.00, 20.00, ಒಟ್ಟು 100.00. ಚೀಟಿಯನ್ನು ರಿಜಿಸ್ಟರಿಗೆ ಅಂಟಿಸಿ, ಡಬ್ಬಿಯ ನಂಬರು ಬರೆದು, ಪಕ್ಕದಲ್ಲಿ "ಸರಿ" ಎಂದು ಬರೆದು ನನ್ನ ಇನಿಷಿಯಲ್ ಹಾಕುವುದು. ಆಡಿಟಿಂಗ್ ಪುಸ್ತಕದಲ್ಲಿ ಓದಿದ ವೌಚಿಂಗನ್ನು ನಿಜವಾಗಿ ಮಾಡುತ್ತಿದ್ದೇನೆಂದು ನನಗೆ ಬಹಳ ಹೆಮ್ಮೆ. ಮೂರು ವಾರದಲ್ಲಿ ಅರವತ್ತನಾಲ್ಕು ಡಬ್ಬಿಗಳಿಗೆ "ಸರಿ" ಬರೆದೆ. ಸೊಂಟ ಹಿಡಿದುಕೊಂಡಿತು. ಒಂದು ಡಬ್ಬಿಯೂ ಫೇಲಾಗಲಿಲ್ಲ.

ಮೇ ಕೊನೆಯ ವಾರ, ಮಧ್ಯಾಹ್ನದ ಊಟದ ಹೊತ್ತು, ಹಳೇ ಪೇಪರು ಕಬ್ಬಿಣದ ಅಂಗಡಿಯವರೊಬ್ಬರು ಡಬ್ಬಿಯನ್ನು ಬಗಲಲ್ಲಿ ಇಟ್ಟುಕೊಂಡು ಬಂದರು. ಅವರ ಹಿಂದೆ ರಟ್ಟು ಆಯುವ ಒಬ್ಬ ಅಜ್ಜಿ. ಅಂಗಡಿಯವರ ಮಾತು ನನಗೆ ಅರ್ಧ ಅರ್ಥವಾಯಿತು, ಉಳಿದರ್ಧ ಅಕ್ಕ ಹೇಳಿದಳು. ಅಜ್ಜಿ ಹಿಂದಿನ ದಿನ ಒಂದು ಗಾಡಿ ರಟ್ಟು ತಂದಿದ್ದಳು. ತಟ್ಟೆ ಚಿಕ್ಕದಾದ್ದರಿಂದ ಐದು ಕಂತಾಗಿ ತೂಗಿದರು. ಅಂಗಡಿಯವರು ಚೀಟಿಯ ಕೊನೆಯ ಸಾಲು ನೋಡಿ ದುಡ್ಡು ಕೊಟ್ಟರು. ಅಜ್ಜಿ ಒಪ್ಪಲಿಲ್ಲ. "ಐವತ್ತರ ಮೇಲೆ ಇದೆ" ಎಂದು ಕೂತುಬಿಟ್ಟಳು. ಓದು ಬಾರದವಳು, ಆದರೆ ಕೆಂಪು ಅಂಕಿಯನ್ನು ಒಂದೊಂದು ಸಲವೂ ಪಕ್ಕದ ಹುಡುಗನ ಕೈಲಿ ಓದಿಸಿ ಬೆರಳಲ್ಲಿ ಎಣಿಸಿಕೊಂಡಿದ್ದಾಳೆ. "ಮಿಷನ್ನು ಸುಳ್ಳು ಹೇಳ್ತದಾ?" ಎಂದು ಅಂಗಡಿಯವರು ಕೇಳಿದ್ದಾರೆ. ರಾತ್ರಿ ಅವರಿಗೇ ಯಾಕೋ ಅನುಮಾನ ಬಂದು ಚೀಟಿಯನ್ನು ಮೇಲಿನಿಂದ ಓದಿದ್ದಾರೆ.

ಆ ಚೀಟಿ ಈಗಲೂ ನನ್ನ ಕಣ್ಣಮುಂದೆ ಇದೆ. 3.40, 3.40, 3.40, 3.40, 9.20. ಒಟ್ಟು 22.80. ಅಜ್ಜಿಯ ಬೆರಳೆಣಿಕೆ 14.80, 12.60, 11.00, 3.40, 9.20, ಕೂಡಿದರೆ ಸರಿಯಾಗಿ 51.00. ಡಬ್ಬಿ ನುಂಗಿದ್ದು ಇಪ್ಪತ್ತೆಂಟು ಕಿಲೋ ಇನ್ನೂರು ಗ್ರಾಂ.

ಯಜಮಾನರು ರಿಜಿಸ್ಟರು ತೆಗೆದರು. ಆ ನಂಬರಿನ ಮುಂದೆ ದುಂಡಗೆ "ಸರಿ" ಎಂದಿತ್ತು, ಪಕ್ಕದಲ್ಲಿ ನನ್ನ ಇನಿಷಿಯಲ್. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬಟ್ಟನ್ನು ತಂದು ತಾವೇ ಐದು ಸಲ ಇಟ್ಟು ತೆಗೆದರು. ಚೀಟಿ ಬಂತು: ಐದು ಸಾಲೂ 20.00, ಒಟ್ಟು 100.00. ಎಲ್ಲರೂ ಮುಖ ಮುಖ ನೋಡಿಕೊಂಡರು. ಆಗ ಅಕ್ಕ, ಬಟ್ಟು ಇಟ್ಟು ತೆಗೆದು, ಆಮೇಲೆ ನನ್ನ ಊಟದ ಕ್ಯಾರಿಯರ್ ಇಟ್ಟಳು, ಆಮೇಲೆ ತನ್ನ ಚೀಲ, ಆಮೇಲೆ ಒಂದು ಸ್ಪ್ಯಾನರು. ಪ್ರಿಂಟ್ ಒತ್ತಿದಳು. ಚೀಲದ ತೂಕ ಮೂರು ಸಲ, ಸ್ಪ್ಯಾನರಿನದು ಒಂದು ಸಲ. ಇಪ್ಪತ್ತು ಕಿಲೋದ ಬಟ್ಟು ಎಲ್ಲಿಯೂ ಇಲ್ಲ!

ಸಹೃದಯರೇ, ಇಲ್ಲಿ ಸ್ವಲ್ಪ ಯಂತ್ರದ ಹೊಟ್ಟೆಯೊಳಗೆ ಹೋಗಬೇಕು. ನನಗೇ ಅರ್ಥವಾಗಿದೆ ಅಂದಮೇಲೆ ನಿಮಗೂ ಆಗುತ್ತದೆ.

ಅಂದು ರಾತ್ರಿ ಅಕ್ಕ ಹಳೇ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಹತ್ತು ಮನೆ ಗೆರೆ ಎಳೆದು, ಪೆನ್ಸಿಲ್ಲು ರಬ್ಬರು ನನ್ನ ಕೈಗೆ ಕೊಟ್ಟಳು. ಆ ಡಬ್ಬಿಯ ಒಳಗಿನ ಚಿಪ್ಪಿನಲ್ಲಿ ಇರುವ ನೆನಪು ಬರೀ ನಾಲ್ಕು ಕಿಲೋಬೈಟು. 4096 ಸಾಲಿನ ಒಂದು ಲೆಡ್ಜರು ಎಂದುಕೊಳ್ಳಿ. ಒಂದೊಂದು ಸಾಲಿನಲ್ಲಿ 0ಯಿಂದ 255ರವರೆಗೆ ಒಂದು ಸಂಖ್ಯೆ ಬರೆಯಬಹುದು, ಅದೇ ಬೈಟು. ಈ ಲೆಡ್ಜರಿನಲ್ಲಿ ಗುಮಾಸ್ತಿಕೆ ಮಾಡಲು ಸಿ ಭಾಷೆಯಲ್ಲಿ ನಾಲ್ಕು ಆಳುಗಳಿದ್ದಾರೆ. ಸಿ ಭಾಷೆ 1972ರ ಹೊತ್ತಿಗೆ ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಡೆನ್ನಿಸ್ ರಿಚಿ ಕಟ್ಟಿದ್ದು; ಈ ಆಳುಗಳ ಕರಾರುಪತ್ರ 1989ರ ಸ್ಟಾಂಡರ್ಡಿನಲ್ಲಿ ಬರೆದಿದೆ. ಮೆಮ್‌ಕಾಪಿ ಒಂದು ಕಡೆಯ ಸಾಲುಗಳನ್ನು ಇನ್ನೊಂದು ಕಡೆಗೆ ನಕಲು ಮಾಡುತ್ತಾನೆ. ಮೆಮ್‌ಮೂವ್ ಮಾಡುವುದೂ ಅದನ್ನೇ, ಆದರೆ ಎರಡು ಜಾಗ ಒಂದರ ಮೇಲೊಂದು ಬಿದ್ದಿದ್ದರೂ ಕೆಡಿಸದೆ ಮಾಡುತ್ತಾನೆ. ಮೆಮ್‌ಸೆಟ್ ಎಲ್ಲ ಸಾಲಿಗೂ ಒಂದೇ ಸಂಖ್ಯೆ ತುಂಬುತ್ತಾನೆ. ಮೆಮ್‌ಕಂಪ್ ಎರಡು ಕಡೆ ಹೋಲಿಸಿ ಒಂದೇನಾ, ಯಾವುದು ದೊಡ್ಡದು ಎಂದು ಹೇಳುತ್ತಾನೆ. ಯಾವ ಲೈಬ್ರರಿಯೂ ಬೇಡ ಎಂದು ಹಟ ಹಿಡಿದರೂ ಜಿಸಿಸಿ ಎಂಬ ಕಂಪೈಲರು ಈ ನಾಲ್ವರನ್ನು ಮಾತ್ರ ಕೊಡಲೇಬೇಕು ಎನ್ನುತ್ತದಂತೆ. ಹಿಂದೆ ಇದ್ದ ಪ್ರೋಗ್ರಾಮರು ಜಾಗ ಉಳಿಸಲೆಂದು ಈ ನಾಲ್ವರನ್ನೂ ತಾನೇ ಬರೆದಿದ್ದ.

"ಹತ್ತು ಮನೇಲೂ ಬೇರೆ ಬೇರೆ ತೂಕ ಬರಿ" ಎಂದಳು ಅಕ್ಕ. ಬರೆದೆ. "ಹೊಸ ತೂಕ ಬಂತು. ಕೊನೇ ಮನೇಲಿ ಅದು ಕೂರಬೇಕು. ಅದಕ್ಕೆ ಎಲ್ಲರೂ ಒಂದೊಂದು ಮನೆ ಮೇಲಕ್ಕೆ ಸರೀಬೇಕು. ಸರಿಸು ನೋಡೋಣ, ಮೇಲಿನಿಂದ." ಎರಡನೆಯದನ್ನು ಒಂದನೆಯ ಮನೆಗೆ ಬರೆದೆ, ಮೂರನೆಯದನ್ನು ಎರಡನೆಯ ಮನೆಗೆ. ಎಲ್ಲ ಸರಿಯಾಗಿ ಸರಿಯಿತು. "ಈಗ ಕೆಳಗಿನಿಂದ ಸರಿಸು." ಹತ್ತನೆಯದನ್ನು ಒಂಬತ್ತನೆಯ ಮನೆಗೆ ಬರೆದೆ. ಒಂಬತ್ತರಲ್ಲಿ ಇದ್ದದ್ದು ಅಳಿಸಿಹೋಯಿತು. ಈಗ ಒಂಬತ್ತರಲ್ಲಿ ಇರುವುದನ್ನು ಎಂಟಕ್ಕೆ... ಕೈ ನಿಂತಿತು. ಎಂಟಕ್ಕೆ ಹೋಗುವುದೂ ಹತ್ತನೆಯ ತೂಕವೇ. ಏಳಕ್ಕೂ ಅದೇ. ಮೇಲಿನ ತನಕ ಅದೊಂದೇ.

ಹಿಂದಿನ ಪ್ರೋಗ್ರಾಮರು ಮೊದಲು ಮೇಲಿನಿಂದ ಕೆಳಕ್ಕೆ ನಕಲು ಮಾಡುವ ಮೆಮ್‌ಕಾಪಿ ಬರೆದಿದ್ದ. ಆಮೇಲೆ, ಸೊನ್ನೆಯ ಕಡೆಗೆ ಇಳಿಯುತ್ತಾ ಎಣಿಸಿದರೆ ಚಿಪ್ಪಿಗೆ ಒಂದು ಹೆಜ್ಜೆ ಉಳಿಯುತ್ತದೆಂದು ಕೆಳಗಿನಿಂದ ಮೇಲಕ್ಕೆ ತಿರುಗಿಸಿದ. ಆ ಹೊಸ ಪ್ರೋಗ್ರಾಮು ತುಂಬಿದ ಡಬ್ಬಿಗಳೇ ನಾನು "ಸರಿ" ಎಂದ ಅರವತ್ತನಾಲ್ಕು.

ಮತ್ತೆ ನನ್ನ ಬಟ್ಟು? ಇಪ್ಪತ್ತನ್ನು ಅಳಿಸಿ ಇಪ್ಪತ್ತು ಬರೆದರೆ ಯಾವ ದೇವರಿಗೆ ಗೊತ್ತಾಗುತ್ತದೆ! ಐದು ಸಲ ಒಂದೇ ತೂಕ ಇಟ್ಟು ನಾನು ಪರೀಕ್ಷೆ ಮಾಡಿದ್ದು ಏನನ್ನು? ಟ್ರಯಲ್ ಬ್ಯಾಲೆನ್ಸ್ ಎರಡು ಕಡೆ ಸಮ ಬಂದ ಮಾತ್ರಕ್ಕೆ ಲೆಕ್ಕ ಸರಿ ಎಂದಲ್ಲ, ಅದಕ್ಕೆ ಕಾಣದ ತಪ್ಪುಗಳಿವೆ ಎಂದು ಮೊದಲನೇ ವರ್ಷದಲ್ಲಿ ಐದು ಮಾರ್ಕಿಗೆ ಬರೆದಿದ್ದೇನೆ. ನಾಲ್ಕೂವರೆ ಬಂದಿತ್ತು ಕೂಡ.

ಇಲ್ಲಿ ಅಕ್ಕನಿಗೂ ನನಗೂ ಒಂದು ಜಗಳವಾಯಿತು. ಅವಳ ಪ್ರಕಾರ ಮೆಮ್‌ಕಾಪಿ ತಪ್ಪು ಮಾಡಿಲ್ಲ. ಒಂದರ ಮೇಲೊಂದು ಬೀಳುವ ಜಾಗಗಳನ್ನು ನನ್ನ ಕೈಗೆ ಕೊಡಬೇಡಿ, ಕೊಟ್ಟರೆ ಏನಾಗುತ್ತದೆಂದು ಹೇಳಲಾರೆ ಎಂದು ಅವನ ಕರಾರುಪತ್ರದಲ್ಲೇ ಇದೆ. ಕರೆದವನು ಮೆಮ್‌ಮೂವನ್ನು ಕರೆಯಬೇಕಿತ್ತು. ಇದೇ ಜಗಳ ದೊಡ್ಡವರ ಮಧ್ಯೆಯೂ ಆಗಿದೆಯಂತೆ. 2010ರಲ್ಲಿ ಫೆಡೋರಾ 14 ಎಂಬ ಲಿನಕ್ಸ್ ಹೊರಬಂದಾಗ ಅದರ ಸಿ ಲೈಬ್ರರಿಯಲ್ಲಿ ಮೆಮ್‌ಕಾಪಿಯನ್ನು ವೇಗಕ್ಕೆಂದು ತಿದ್ದಿದ್ದರು. ಕೆಲವು ಪ್ರೊಸೆಸರುಗಳಲ್ಲಿ ಅದು ಹಿಂದಿನಿಂದ ನಕಲು ಮಾಡತೊಡಗಿತು. ಅಡೋಬಿಯವರ ಫ್ಲ್ಯಾಶ್ ಪ್ಲೇಯರಿನಲ್ಲಿ ಹಾಡು ಕೇಳಿದರೆ ಕರಕರ ಸದ್ದು. ಫ್ಲ್ಯಾಶು ಮೆಮ್‌ಮೂವ್ ಕರೆಯಬೇಕಾದ ಕಡೆ ಮೆಮ್‌ಕಾಪಿ ಕರೆದಿತ್ತು. ಲೈಬ್ರರಿಯವರು ಕರಾರು ತೋರಿಸಿದರು. ಲಿನಕ್ಸಿನ ಲಿನಸ್ ಟೊರ್ವಾಲ್ಡ್ಸರು ಮಾತ್ರ, ಬಳಸುವವನ ಮಿಷನ್ನು ಕೆಟ್ಟಿತಲ್ಲ, ಅವನಿಗೆ ಕರಾರು ಹೇಳಿ ಏನು ಉಪಯೋಗ ಎಂಬ ಕಡೆ ವಾದಿಸಿದರು. ಕೊನೆಗೆ 2011ರ ಆವೃತ್ತಿಯಲ್ಲಿ, ಹಳೆಯ ಪ್ರೋಗ್ರಾಮುಗಳು ಮೆಮ್‌ಕಾಪಿ ಎಂದು ಕೂಗಿದರೆ ಮೆಮ್‌ಮೂವ್ ಎದ್ದು ಬರುವ ಹಾಗೆ ಏರ್ಪಾಡು ಮಾಡಿದರು.

ನಾನು ಟೊರ್ವಾಲ್ಡ್ಸರ ಪಕ್ಷ. ಕಾರಣ ಬೇರೆ ಇದೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಜತೆ ಒಂದು ಮಂಡಿಗೆ ಮಾವಿನಕಾಯಿ ತುಂಬಿಕೊಂಡು ಹೋಗಿದ್ದೆ. ಮನೆಯಲ್ಲಿ ಬುಟ್ಟಿ ಲೆಕ್ಕದಲ್ಲಿ ತೂಗಿಕೊಂಡು ಹೊರಟ ಕಾಯಿಗೂ ಅಲ್ಲಿ ಬಂದ ತೂಕಕ್ಕೂ ಬಹಳ ವ್ಯತ್ಯಾಸ ಬಂತು. ಅಪ್ಪ ಮೆಲ್ಲಗೆ ಕೇಳಿದರು. "ಮಿಷನ್ನು ಸುಳ್ಳು ಹೇಳ್ತದೇನಯ್ಯ?" ಎಂದರು ಅಲ್ಲಿನವರು. ಸುತ್ತ ಇದ್ದವರು ನಕ್ಕರು. ಅಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, ಕೊಟ್ಟಷ್ಟು ಇಸಕೊಂಡು ಬಂದರು. ದಾರಿಯುದ್ದಕ್ಕೂ ಮಾತಾಡಲಿಲ್ಲ. ಆ ಮಿಷನ್ನು ಸರಿಯಿತ್ತೋ ಇಲ್ಲವೋ ನಾನು ಹೇಳಲಾರೆ, ನಮ್ಮ ಬುಟ್ಟಿ ಲೆಕ್ಕವೇ ತಪ್ಪಿರಬಹುದು. ಆದರೆ ಅಂಗಡಿಯವರ ಬಾಯಲ್ಲಿ ಅದೇ ಮಾತು ತಮಿಳಿನಲ್ಲಿ ಬಂದಾಗ, ಅರ್ಥ ಯಾರೂ ಹೇಳಿಕೊಡಬೇಕಾಗಲಿಲ್ಲ. ಈ ಸಲ ಮಿಷನ್ನಿನ ಕಡೆ ಸಹಿ ಹಾಕಿದ್ದವನು ನಾನು.

ಇದನ್ನೆಲ್ಲ ಅಕ್ಕನಿಗೆ ಹೇಳಲಿಲ್ಲ. ಅವಳಿಗೂ ನೆನಪಿರಬೇಕು. "ಸರಿ ಬಿಡು, ಯಾರ ತಪ್ಪಾದ್ರೂ ಆಗ್ಲಿ, ನಾಲ್ಕೂ ಜನಾನ ನಿಲ್ಸಿ ಪರೀಕ್ಷೆ ಮಾಡೋಣ" ಎಂದಳು. ಇದಕ್ಕೆ ಅವರ ಭಾಷೆಯಲ್ಲಿ ಯೂನಿಟ್ ಟೆಸ್ಟ್ ಎನ್ನುತ್ತಾರೆ. ಇಡೀ ಡಬ್ಬಿಯನ್ನು ತೂಗಿ ನೋಡುವುದಲ್ಲ. ಒಬ್ಬೊಬ್ಬ ಆಳನ್ನೂ ಬೇರೆ ಮಾಡಿ, ಇಂಥ ಕೆಲಸ ಕೊಟ್ಟರೆ ಇಂಥದೇ ಬರಬೇಕು ಎಂದು ಮೊದಲೇ ಬರೆದಿಟ್ಟು, ಬಂದದ್ದನ್ನು ತಾಳೆ ನೋಡುವುದು. ಅದನ್ನೂ ಒಂದು ಪ್ರೋಗ್ರಾಮೇ ಮಾಡುತ್ತದೆ. ಮೂರು ರಾತ್ರಿ ಕೂತಳು. ಭಾವ ನೈಟ್ ಶಿಫ್ಟು. ನಾನು ಚಹಾ ಮಾಡಿಕೊಡುವ ಗುಮಾಸ್ತ.

ಮೊದಲ ರಾತ್ರಿ ಎಲ್ಲ ಪಾಸು. ನನಗೆ ಸಂತೋಷವಾಯಿತು. ಅಕ್ಕನಿಗೆ ಆಗಲಿಲ್ಲ. ಅವಳು ಒಂದು ವಿಚಿತ್ರ ಮಾಡಿದಳು: ಮೆಮ್‌ಕಾಪಿಯ ಒಳಗಿದ್ದ ಸಾಲುಗಳನ್ನೆಲ್ಲ ಅಳಿಸಿ, ಏನೂ ಮಾಡದೆ ವಾಪಸ್ಸು ಬರುವ ಹಾಗೆ ಮಾಡಿ ಮತ್ತೆ ಪರೀಕ್ಷೆ ಓಡಿಸಿದಳು. ಆಗಲೂ ಎಲ್ಲ ಪಾಸು! ಆಳು ಕೆಲಸಕ್ಕೇ ಬಂದಿಲ್ಲ, ಹಾಜರಿ ಮಾತ್ರ ಪೂರ್ತಿ. ಕಾರಣ ಹುಡುಕಲು ಅರ್ಧ ರಾತ್ರಿ ಹಿಡಿಯಿತು. ಅವಳು ಪರೀಕ್ಷೆಯಲ್ಲಿ ನಾಲ್ಕು, ಎಂಟು, ಹದಿನಾರು ಎಂದು ಕಟ್ಟುನಿಟ್ಟಾದ ಅಳತೆ ಕೊಟ್ಟಿದ್ದಳು. ಮೆಮ್‌ಕಾಪಿ ಎಂಬ ಹೆಸರು ಕಂಡರೆ ಕಂಪೈಲರಿಗೆ ಅದು ಹಳೆಯ ಪರಿಚಯ. ಇಷ್ಟು ಚಿಕ್ಕ ಕೆಲಸಕ್ಕೆ ಆಳನ್ನೇಕೆ ಕರೆಯುವುದು ಎಂದು ತಾನೇ ಎರಡು ಸಾಲಿನಲ್ಲಿ ನಕಲು ಮಾಡಿ ಮುಗಿಸಿಬಿಡುತ್ತದೆ. ನಾವು ಪರೀಕ್ಷೆ ಮಾಡಿದ್ದು ನಮ್ಮ ಆಳನ್ನಲ್ಲ, ಕಂಪೈಲರನ್ನು! ಬೇರೆ ಯಾರದೋ ಪಾಸ್‌ಬುಕ್ಕಿನ ಜತೆ ನಮ್ಮ ಕ್ಯಾಷ್‌ಬುಕ್ಕು ತಾಳೆ ನೋಡಿದ ಹಾಗೆ. ಪರೀಕ್ಷೆಯ ಮಟ್ಟಿಗೆ ಆಳಿನ ಹೆಸರನ್ನೇ ಬದಲಾಯಿಸಿದ ಮೇಲೆ ಅವನು ನಿಜವಾಗಿ ಎದುರಿಗೆ ಬಂದು ನಿಂತ.

ಆಮೇಲೆ ಅವಳು ಮಾಡಿದ್ದನ್ನು ಹೇಳಿದರೆ ನಮ್ಮ ಆಡಿಟಿಂಗ್ ಮೇಷ್ಟ್ರು ಖುಷಿಪಡುತ್ತಾರೆ. ನಕಲು ಮಾಡಬೇಕಾದ ಬೈಟುಗಳಿಗೆಲ್ಲ ಬೇರೆ ಬೇರೆ ಸಂಖ್ಯೆ ಕೊಟ್ಟಳು. ಒಂದು ಇನ್ನೊಂದರ ಜಾಗದಲ್ಲಿ ಕೂತರೆ ಕೂಡಲೇ ಕಾಣಬೇಕು. ಬರೆಯಬೇಕಾದ ಜಾಗದ ಆಚೆ ಹದಿನಾರು ಸಾಲು 165 ಎಂಬ ಸಂಖ್ಯೆ ತುಂಬಿ ಕಾವಲು ಹಾಕಿದಳು. ಕೆಲಸ ಮುಗಿದ ಮೇಲೆ ಬರೆದದ್ದು ಸರಿಯೇ ಎಂದಷ್ಟೇ ಅಲ್ಲ, ಮುಟ್ಟಬಾರದ್ದನ್ನು ಮುಟ್ಟಿದ್ದಾನೆಯೇ ಎಂದೂ ನೋಡಬೇಕು. ಇನ್ನೊಂದು: ಮೆಮ್‌ಕಾಪಿಯ ಫಲವನ್ನು ನಮ್ಮದೇ ಮೆಮ್‌ಕಂಪಿನಿಂದ ಹೋಲಿಸಿ ನೋಡಲಿಲ್ಲ. ಇಬ್ಬರನ್ನೂ ಬರೆದವನು ಒಬ್ಬನೇ. ಕ್ಯಾಷಿಯರ್ ಬರೆದ ಪುಸ್ತಕವನ್ನು ಕ್ಯಾಷಿಯರ್ ಕೈಲೇ ತಪಾಸಣೆ ಮಾಡಿಸಿದಂತೆ ಆಗುತ್ತದೆ. ಅದರ ಬದಲು ಒಂದೊಂದೇ ಬೈಟನ್ನು ನಿಧಾನವಾಗಿ ನೋಡುತ್ತಾ ಹೋಗುವ ಪೆದ್ದು ಸಾಲುಗಳನ್ನು ಬರೆದಳು.

ಚಿಪ್ಪಿನದೊಂದು ಚೇಷ್ಟೆ ಇದೆ. ಅದು ಒಂದೇ ಸಲಕ್ಕೆ ನಾಲ್ಕು ಬೈಟು ಎತ್ತಬಲ್ಲದು, ಆದರೆ ನಾಲ್ಕರಿಂದ ಭಾಗವಾಗುವ ಸಾಲಿನಿಂದ ಮಾತ್ರ. ಐದನೇ ಸಾಲಿನಿಂದ ನಾಲ್ಕನ್ನು ಎತ್ತು ಎಂದರೆ ಮುಷ್ಕರ ಹೂಡಿ ನಿಂತುಬಿಡುತ್ತದೆ. ಮನೆಯ ಕಂಪ್ಯೂಟರಿಗೆ ಆ ಮಡಿ ಇಲ್ಲ. ಆದ್ದರಿಂದ ಕಂಪ್ಯೂಟರಿನಲ್ಲಿ ಪಾಸಾದದ್ದನ್ನು ಮತ್ತೆ ಬೋರ್ಡಿನ ಮೇಲೆಯೂ ಓಡಿಸಬೇಕು. ಎತ್ತುವ ಜಾಗಕ್ಕೆ ನಾಲ್ಕು ಬಗೆ, ಇಳಿಸುವ ಜಾಗಕ್ಕೆ ನಾಲ್ಕು ಬಗೆ, ಉದ್ದ ಸೊನ್ನೆಯಿಂದ ಅರವತ್ತನಾಲ್ಕು: ಒಟ್ಟು 1040 ಪರೀಕ್ಷೆ. ನಾನು ಬಟ್ಟು ಎತ್ತಿ ಇಟ್ಟು ಮಾಡಿದ್ದಿದ್ದರೆ ಎಷ್ಟು ರಜೆ ಬೇಕಾಗುತ್ತಿತ್ತೋ! ಅದು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿಯಿತು.

ಮುಗಿಯಿತು ಎಂದೆ, ಇಲ್ಲ. ಮೊದಲ ಪರೀಕ್ಷೆಯಲ್ಲೇ ನಿಂತುಹೋಯಿತು. ಉದ್ದ ಸೊನ್ನೆ. ಸೊನ್ನೆ ಬೈಟು ನಕಲು ಮಾಡು ಎಂದರೆ ಸುಮ್ಮನಿರಬೇಕು, ಅಷ್ಟೇ. ಹಿಂದಿನವನು ಸೊನ್ನೆಯ ಕಡೆಗೆ ಇಳಿದು ಎಣಿಸುವಾಗ, ಮೊದಲು ಒಂದು ನಕಲು ಮಾಡಿ, ಒಂದು ಕಳೆದು, ಆಮೇಲೆ ಸೊನ್ನೆಯಾಯಿತೇ ಎಂದು ಕೇಳುವಂತೆ ಬರೆದಿದ್ದ. ಸೊನ್ನೆಯಲ್ಲಿ ಒಂದು ಕಳೆದರೆ ನಮಗೆ ಮೈನಸ್ ಒಂದು. ಮೈನಸ್ ಗೊತ್ತಿಲ್ಲದ ಆ ಎಣಿಕೆಗೆ ಅದು 4294967295. ಅಲ್ಲಿಂದ ಇಳಿಯುತ್ತಾ ಕೈಗೆ ಸಿಕ್ಕಿದ್ದನ್ನೆಲ್ಲ ಬರೆದುಕೊಂಡು ಹೊರಟಿತು. ಅಕ್ಕ ಕೂತಲ್ಲಿಂದ ಎದ್ದುಬಿಟ್ಟಳು. ತೂಕವೇ ಇಡದೆ ಪ್ರಿಂಟ್ ಒತ್ತಿದರೆ ಡಬ್ಬಿ ಸತ್ತಂತೆ ನಿಂತುಬಿಡುತ್ತದೆ ಎಂದು ಎರಡು ಮೂರು ಕಡೆಯಿಂದ ದೂರು ಬಂದಿತ್ತಂತೆ. ಸ್ವಿಚ್ಚು ಆರಿಸಿ ಹಾಕಿ ಎಂದು ಹೇಳಿ ಕಳಿಸುತ್ತಿದ್ದರು.

ಮೂರನೇ ರಾತ್ರಿ ನನಗೆ ಬಡ್ತಿ ಸಿಕ್ಕಿತು. ಕಳ್ಳನ ಕೆಲಸ. "ಈಗ ಎಲ್ಲಾ ಸರಿಯಿದೆ. ನೀನು ನನಗೆ ಗೊತ್ತಾಗದ ಹಾಗೆ ಎಲ್ಲಾದ್ರೂ ಒಂದಂಕಿ ಕೆಡಿಸು. ಪರೀಕ್ಷೆ ಕೂಗಿಕೊಳ್ಳುತ್ತಾ ನೋಡೋಣ" ಎಂದಳು. ಸಿ ಭಾಷೆಯ ಗಂಧ ಇಲ್ಲದವನು ನಾನು. ಚಿಕ್ಕದು ಎಂಬ ಗುರುತಿದ್ದ ಕಡೆ ಚಿಕ್ಕದು ಅಥವಾ ಸಮ ಎಂದು ತಿದ್ದಿದೆ. ಕೂಗಿಕೊಂಡಿತು. ನಾಲ್ಕಿದ್ದ ಕಡೆ ಮೂರು ಮಾಡಿದೆ. ಕೂಗಿಕೊಂಡಿತು. ಹೀಗೆ ಹತ್ತೋ ಹನ್ನೆರಡೋ ಸಲ ಸಿಕ್ಕಿಬಿದ್ದೆ. ಕೊನೆಗೆ ಬೇಸರ ಬಂದು, ಮೆಮ್‌ಸೆಟ್ ಶುರು ಮಾಡುವ ಕಡೆ ಸೊನ್ನೆ ಇದ್ದದ್ದನ್ನು ಮೈನಸ್ ಒಂದು ಮಾಡಿದೆ. ಅಂದರೆ ತನ್ನ ಜಾಗಕ್ಕಿಂತ ಒಂದು ಸಾಲು ಮುಂಚೆಯೇ ಬರೆಯಲು ಹೊರಟ. ಪರೀಕ್ಷೆ ತೆಪ್ಪಗಿತ್ತು. ಎಲ್ಲ ಪಾಸು! ಅಕ್ಕ ಪರದೆಯನ್ನೂ ನನ್ನನ್ನೂ ನೋಡಿದಳು. ಕಾವಲು ಹಾಕಿದ್ದು ಹಿತ್ತಲ ಕಡೆ ಮಾತ್ರ, ಮುಂಬಾಗಿಲಿಗೆ ಹಾಕಿರಲಿಲ್ಲ. ಅಲ್ಲೂ ಹದಿನಾರು ಸಾಲು 165 ತುಂಬಿದಳು. ಬಿ.ಕಾಂ. ಓದುತ್ತಿರುವುದಕ್ಕೆ ಅಂದು ಮೊದಲ ಸಲ ಮನೆಯಲ್ಲಿ ಗೌರವ ಸಿಕ್ಕಿತು. ಬೆಳಿಗ್ಗೆ ಭಾವ ಬಂದಾಗ, "ನಿಮ್ಮ ಭಾವಮೈದ ಒಳ್ಳೆ ಕಳ್ಳ" ಎಂದು ಹೇಳಿದಳು.

ಮೆಮ್‌ಸೆಟ್ಟಿನ ಬಗ್ಗೆ ಅವಳು ತನ್ನದೇ ಒಂದು ಕಥೆ ಹೇಳಿದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೆಲವು ಎಣಿಕೆಗಳನ್ನೆಲ್ಲ ಒಂದರಿಂದ ಶುರುಮಾಡಲು ಮೆಮ್‌ಸೆಟ್ಟಿಗೆ ಒಂದು ಎಂದು ಕೊಟ್ಟಳಂತೆ. ಒಂದೊಂದು ಎಣಿಕೆಯೂ ನಾಲ್ಕು ಬೈಟಿನದು. ಅವನು ನಿಯತ್ತಾಗಿ ನಾಲ್ಕೂ ಬೈಟಿಗೆ ಒಂದೊಂದು ಬರೆದ. ಎಣಿಕೆ ಒಂದರಿಂದಲ್ಲ, 16843009ರಿಂದ ಶುರುವಾಯಿತು! ಮೆಮ್‌ಕಂಪಿನ ಕಥೆ ಇದಕ್ಕಿಂತ ಘೋರ. ಸಮ ಆದರೆ ಸೊನ್ನೆ, ಇಲ್ಲದಿದ್ದರೆ ಸೊನ್ನೆಗಿಂತ ಹೆಚ್ಚೋ ಕಡಿಮೆಯೋ ಯಾವುದಾದರೂ ಸಂಖ್ಯೆ ಎಂದಷ್ಟೇ ಅವನ ಕರಾರು. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿ ಪಾಸ್‌ವರ್ಡು ಹೋಲಿಸುವಾಗ ಆ ಉತ್ತರವನ್ನು ಒಂದೇ ಬೈಟಿನಲ್ಲಿ ತುರುಕಿದ್ದರು. ಉತ್ತರ 256 ಬಂದರೆ ಬೈಟಿನಲ್ಲಿ ಉಳಿಯುವುದು ಸೊನ್ನೆ. ಸೊನ್ನೆ ಅಂದರೆ ಪಾಸ್‌ವರ್ಡು ಸರಿ! ಕೆಲವು ಯಂತ್ರಗಳಲ್ಲಿ ತಪ್ಪು ಪಾಸ್‌ವರ್ಡನ್ನೇ ಬಡಿಯುತ್ತಾ ಹೋದರೆ ಸುಮಾರು 256ಕ್ಕೆ ಒಂದು ಸಲ ಬಾಗಿಲು ತೆರೆದುಕೊಳ್ಳುತ್ತಿತ್ತು. 2012ರಲ್ಲಿ ಬಯಲಾಯಿತು. ಅಲ್ಲಿಯೂ ಯಾರೋ ಒಬ್ಬ ಸರಿ ಪಾಸ್‌ವರ್ಡು ಹಾಕಿ ಒಳಗೆ ಬಂತು, ತಪ್ಪು ಹಾಕಿ ಒಂದು ಸಲ ಹೊರಗೆ ನಿಂತಿತು ಎಂದು ನೋಡಿ "ಸರಿ" ಬರೆದಿರಬೇಕು. ನನಗೆ ಆ ಮನುಷ್ಯನ ಮೇಲೆ ಪ್ರೀತಿ.

ಅರವತ್ತನಾಲ್ಕರಲ್ಲಿ ನಲವತ್ತೊಂದು ಡಬ್ಬಿಗಳು ಶೆಡ್ಡಿನಲ್ಲೇ ಇದ್ದವು. ಇಪ್ಪತ್ತಮೂರು ಹೊರಗೆ ಹೋಗಿದ್ದವು. ಯಜಮಾನರು ಫೋನು ಹಚ್ಚಿ ಒಂದೊಂದನ್ನೂ ವಾಪಸ್ಸು ತರಿಸಿದರು. ಅವರ ಬಗ್ಗೆ ಇದನ್ನು ಹೇಳಲೇಬೇಕು. ಹೊಸ ಪ್ರೋಗ್ರಾಮು ತುಂಬುವ ಕೆಲಸ ಅಕ್ಕನದು, ತೂಗುವ ಕೆಲಸ ನನ್ನದೇ. ಈಗ ಬಟ್ಟಿನ ಜತೆ ಐದು ಕಿಲೋ, ಎರಡು ಕಿಲೋ, ಒಂದು ಇಟ್ಟಿಗೆ, ಒಂದು ಸ್ಪ್ಯಾನರು. ಯಾವುದೂ ಎರಡು ಸಲ ಬರಬಾರದು. ಆದರೆ ಆ ಹತ್ತು ದಿನಗಳಲ್ಲಿ ಆ ಇಪ್ಪತ್ತಮೂರು ಡಬ್ಬಿಗಳ ಮುಂದೆ ಗಾಡಿ ಇಳಿಸಿ, ಬೆರಳಲ್ಲಿ ಎಣಿಸಿಕೊಳ್ಳದೆ, ಕೊಟ್ಟಷ್ಟು ಇಸಕೊಂಡು ಹೋದವರು ಯಾರು ಯಾರು ಎಂಬುದಕ್ಕೆ ರಿಜಿಸ್ಟರಿಲ್ಲ.

ನನ್ನ ಹಳೆಯ "ಸರಿ"ಗಳನ್ನು ಹೊಡೆದುಹಾಕಲು ಕೈ ಹೋಯಿತು. ಪುಸ್ತಕದಲ್ಲಿ ಬರೆದದ್ದನ್ನು ಅಳಿಸಬಾರದು, ತಪ್ಪಿದ್ದರೆ ತಿದ್ದುಪಡಿ ಜರ್ನಲ್ ಎಂಟ್ರಿ ಬರೆಯಬೇಕೆಂದು ನಮಗೆ ಕಲಿಸಿದ್ದಾರೆ. ಅರವತ್ತನಾಲ್ಕು ಸಾಲಿನ ಕೆಳಗೂ ತಾರೀಖು ಹಾಕಿ, "ಮೇಲಿನದು ಒಂದೇ ತೂಕದಿಂದ ನೋಡಿದ್ದು" ಎಂದು ಕನ್ನಡದಲ್ಲೇ ಬರೆದೆ. ಅಲ್ಲಿ ಓದುವವರು ಅಕ್ಕನೊಬ್ಬಳೇ.

ಊರಿಗೆ ಹೊರಡುವ ಹಿಂದಿನ ದಿನ ಸರಿಮಾಡಿದ ಡಬ್ಬಿಯನ್ನು ಅಂಗಡಿಗೆ ಕೊಡಲು ನಾನೂ ಹೋದೆ. ಬಾಕಿ ಇಪ್ಪತ್ತೆಂಟು ಕಿಲೋದ ದುಡ್ಡನ್ನು ಅಂಗಡಿಯವರು ಅಜ್ಜಿಗೆ ಕೊಟ್ಟಾಗಿತ್ತು. ಅವಳೂ ಅಲ್ಲೇ ಇದ್ದಳು, ಗಾಡಿಯಿಂದ ರಟ್ಟು ಇಳಿಸುತ್ತಿದ್ದಳು. ನಾನು ಡಬ್ಬಿ ಜೋಡಿಸಿದೆ. ನಾಲ್ಕು ಕಂತು ತೂಗಿದರು. ಪ್ರತಿ ಸಲವೂ ಆ ಹುಡುಗ ಅಂಕಿ ಓದಿದ, ಅಜ್ಜಿ ಸೀಮೆಸುಣ್ಣದಲ್ಲಿ ಗಾಡಿಯ ಹಲಗೆಯ ಮೇಲೆ ತನ್ನದೇ ಗೆರೆಗಳನ್ನು ಎಳೆದಳು. ಪ್ರಿಂಟ್ ಒತ್ತಿದೆ. ನಾಲ್ಕು ಬೇರೆ ಬೇರೆ ತೂಕ, ಒಟ್ಟು 46.40. ಚೀಟಿಯನ್ನು ಹರಿದು ಎರಡು ಕೈಯಲ್ಲಿ ಅವಳಿಗೆ ಕೊಟ್ಟೆ. ಅವಳು ಅದನ್ನು ನೋಡದೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹಲಗೆಯ ಗೆರೆಗಳನ್ನು ಎಣಿಸಿ, ನಲವತ್ತಾರಕ್ಕೆ ಸ್ವಲ್ಪ ಮೇಲೆ ಎಂದು ಅಂಗಡಿಯವರಿಗೆ ಹೇಳಿದಳು.